ಒಲ್ಲೆ ಅನ್ನೋ ಹಕ್ಕು ಯಾರಿಗಿದೆ?

(ಶ್ರೀನಿವಾಸಪುರದಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನಿಮ್ಮಲ್ಲಿ ಕೆಲವರು ನರ್ಸಿಂಗ್ ಓದೋಕೆ ಹೊರಟಿದ್ದೀರಿ. ಒಂದಿಬ್ಬರು ಡಾಕ್ಟರೂ ಆಗಬಹುದು, ಆಗಲಿ. ಅದಕ್ಕೇ ಈ ಮಾತು. ಆಸ್ಪತ್ರೆಯವರು 'ಇದು ನನ್ನ ಮನಸ್ಸಾಕ್ಷಿಗೆ ಒಪ್ಪೋದಿಲ್ಲ, ಮಾಡೋದಿಲ್ಲ' ಅಂದರೆ ಕಾನೂನು ಅವರ ಬೆನ್ನಿಗೆ ನಿಲ್ಲುತ್ತಾ?

ಇಂಗ್ಲೆಂಡಿನಲ್ಲಿ ನಿಲ್ಲುತ್ತದೆ. ಅಲ್ಲಿನ 1967ರ ಗರ್ಭಪಾತ ಕಾಯಿದೆಯ 4ನೇ ಕಲಮಿನ ಪ್ರಕಾರ ಮನಸ್ಸಾಕ್ಷಿ ಒಪ್ಪದವರು ಆ ಕೆಲಸಕ್ಕೆ ಕೈಹಾಕಬೇಕಿಲ್ಲ. ತಾಯಿಯ ಜೀವ ಉಳಿಸೋ ಹೊತ್ತಿನಲ್ಲಿ ಈ ಮಾತು ನಡೆಯದು. ನಮ್ಮ 1971ರ ಕಾಯಿದೆಯಲ್ಲಿ ಅಂಥ ಕಲಮೇ ಇಲ್ಲ, 2021ರಲ್ಲಿ ತಿದ್ದಿದಾಗಲೂ ಸೇರಿಸಲಿಲ್ಲ. ಮೆಡಿಕಲ್ ಕೌನ್ಸಿಲಿನ 2002ರ ನಿಯಮವಂತೂ ಉಲ್ಟಾ ಹೇಳುತ್ತದೆ: ವೈದ್ಯಕೀಯ ಕಾರಣ ಇದ್ದಾಗ ಬರೀ ಧರ್ಮದ ಹೆಸರು ಹೇಳಿ ಡಾಕ್ಟರು ಗರ್ಭಪಾತಕ್ಕೆ ಒಲ್ಲೆ ಅನ್ನುವಂತಿಲ್ಲ. ಸಂವಿಧಾನದ 25ನೇ ವಿಧಿ ಅಂತಃಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ, ನಿಜ. ಆದರೆ ಅದೇ ಸಾಲಿನಲ್ಲಿ ಅದನ್ನು ಸಾರ್ವಜನಿಕ ಸುವ್ಯವಸ್ಥೆಗೆ, ನೀತಿಗೆ, ಆರೋಗ್ಯಕ್ಕೆ ಒಳಪಡಿಸಿದೆ.

ಇದು ಸರಿ ಅಂತಲೇ ನನ್ನ ಲೆಕ್ಕ. ಈ 'ಮನಸ್ಸಾಕ್ಷಿ'ಯ ರುಚಿ ನಮ್ಮ ಜನ ಕಂಡಿದ್ದಾರೆ. 1929ರಲ್ಲಿ ಕಾಠಿಯಾವಾಡದ ಒಬ್ಬ ಅಸ್ಪೃಶ್ಯ ಮೇಷ್ಟ್ರ ಕಾಗದ ಗಾಂಧೀಜಿಯ 'ಯಂಗ್ ಇಂಡಿಯಾ'ದಲ್ಲಿ ಅಚ್ಚಾಯಿತು. ಬಾಣಂತಿ ಹೆಂಡತಿಗೆ ಕಾಯಿಲೆ. ಡಾಕ್ಟರು ಕೇರಿಯೊಳಕ್ಕೆ ಬರೋಲ್ಲ ಅಂದ. ಊರ ದೊಡ್ಡವರ ಕೈಲಿ ಹೇಳಿಸಿ, ಎರಡು ರೂಪಾಯಿ ಫೀಜಿಗೆ ಹೊಣೆ ನಿಲ್ಲಿಸಿದ ಮೇಲೆ, ರೋಗಿಯನ್ನ ಕೇರಿಯ ಹೊರಗೆ ತರಿಸಿಕೊಂಡ. ಥರ್ಮಾಮೀಟರು ಡಾಕ್ಟರ ಕೈಯಿಂದ ಒಬ್ಬ ಮುಸಲ್ಮಾನರ ಕೈಗೆ, ಅವರಿಂದ ಗಂಡನ ಕೈಗೆ, ಗಂಡನಿಂದ ಹೆಂಡತಿಗೆ. ವಾಪಸ್ಸೂ ಹಾಗೇ. ನ್ಯುಮೋನಿಯಾ ಅಂದ, ಹೋದ, ಮತ್ತೆ ಬರಲಿಲ್ಲ. ಆಕೆ ಸತ್ತಳು. ಬಾಬಾಸಾಹೇಬರು ಇದನ್ನ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿಟ್ಟಿದ್ದಾರೆ. ಆ ಡಾಕ್ಟರನೂ ತನ್ನ ಧರ್ಮವನ್ನೇ ಪಾಲಿಸಿದ್ದ! 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದ ಮೇಲೆ ಅಂಥ ನಿರಾಕರಣೆ ಅಪರಾಧ.

ಇನ್ನೊಂದು ಕಡೆ ನೋಡಿ. ಹೆರಿಗೆ ಮಾಡಿಸಿ, ಹೊಕ್ಕುಳಬಳ್ಳಿ ಕತ್ತರಿಸಿ, ಮಾಸು ಹೂತು ಬರೋ ಕೆಲಸ, ಸೂಲಗಿತ್ತಿ ಅನ್ನಿ, ತೆಲುಗಲ್ಲಿ ಮಂತ್ರಸಾನಿ ಅನ್ನಿ, ದೇಶದ ಬಹಳ ಕಡೆ ನಮ್ಮ ಹೆಂಗಸರ ಪಾಲಿಗೇ ಬಿತ್ತು. ಮಗು ಹಿಡಿದ ಕೈ ಮಾರನೇ ದಿನ ಮೈಲಿಗೆ. ಆ ತಾಯಂದಿರು ಒಲ್ಲೆ ಅನ್ನೋ ಹಾಗಿತ್ತಾ? 1976ರಲ್ಲಿ ಆ ಕಾಯಿದೆ ತಿದ್ದಿ, ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯಿದೆ ಅಂತ ಹೆಸರಿಟ್ಟು, 7ಎ ಕಲಮು ಸೇರಿಸಿದರು. ಅಸ್ಪೃಶ್ಯತೆಯ ಕಾರಣಕ್ಕೆ ಯಾರನ್ನೇ ಆಗಲಿ ಮಲ ಬಳಿಯೋಕೆ, ಗುಡಿಸೋಕೆ, ಸತ್ತ ದನ ಎತ್ತೋಕೆ, ಚರ್ಮ ಸುಲಿಯೋಕೆ, ಹೊಕ್ಕುಳಬಳ್ಳಿ ತೆಗೆಯೋಕೆ ಬಲವಂತ ಮಾಡಿದರೆ 3ರಿಂದ 6 ತಿಂಗಳು ಜೈಲು, 100ರಿಂದ 500 ರೂಪಾಯಿ ದಂಡ. ಹೊಕ್ಕುಳಬಳ್ಳಿ ಅನ್ನೋ ಮಾತು ಕಾಯಿದೆಯಲ್ಲೇ ಇದೆ, ತರಿಸಿ ಓದಿ. ಡಾಕ್ಟರ ಮನಸ್ಸಾಕ್ಷಿಗೆ ಸಿಗದ ಕಲಮು ಸೂಲಗಿತ್ತಿಯ ಮಾನಕ್ಕೆ ಸಿಕ್ಕಿತು.

ಹಾಗಾಗಿ ನಾಳೆ ನೀವು ಸಿಸ್ಟರ್ ಆದಾಗ, ಜಾತಿ ನೋಡಿ ನಿಮಗೊಬ್ಬರಿಗೇ ವಾರ್ಡಿನ ಕಕ್ಕಸು ತೊಳೆಯೋಕೆ ಹೇಳಿದರೆ 7ಎ ಹೆಸರು ಹೇಳಿ, ಬರೆದು ಕೊಡಿ. ಆದರೆ ಗರ್ಭ ಇಳಿಸಿಕೊಳ್ಳೋಕೆ ಬಂದ ಕೂಲಿ ಹೆಂಗಸಿಗೆ 'ನಮಗಾಗಲ್ಲ, ಕೋಲಾರಕ್ಕೆ ಹೋಗು' ಅನ್ನಬೇಡಿ. ಮನಸ್ಸು ಒಪ್ಪದಿದ್ದರೆ ಮೊದಲೇ ಬೇರೆ ವಾರ್ಡು ಕೇಳಿಕೊಳ್ಳಿ, ಆಕೆಯನ್ನ ಬಾಗಿಲಲ್ಲಿ ನಿಲ್ಲಿಸಬೇಡಿ. ಎಸ್.ಎನ್.ಆರ್. ಆಸ್ಪತ್ರೆಗೆ ಹೋಗಿಬರೋಕೆ ಆಕೆಗೆ ಒಂದು ದಿನದ ಕೂಲಿ ಹೋಯಿತು, ಬಸ್ ಖರ್ಚು ಬೇರೆ. ವಾರಗಳೂ ಓಡುತ್ತಿರುತ್ತವೆ: 20 ವಾರದವರೆಗೆ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು, ಅಲ್ಲಿಂದ 24ರವರೆಗೆ ಇಬ್ಬರದು ಬೇಕು, ಅದೂ ನಿಯಮದಲ್ಲಿ ಹೆಸರಿಸಿದ ಕೆಲವು ಹೆಂಗಸರಿಗೆ ಮಾತ್ರ.

ಕೇಳೋದಿದ್ದರೆ ಈಗ ಕೇಳಿ. ಜೈ ಭೀಮ್.