ಐದು ವರ್ಷದ ಸರ್ಕಾರ, ಹತ್ತು ವರ್ಷದ ಮಗು



ನಮ್ಮನ್ನು ಸಂಪ್ರದಾಯವಾದಿಗಳು ಎನ್ನುತ್ತಾರೆ. ಕೆಲವರಿಗೆ ಅದು ಬೈಗುಳ, ನಮ್ಮಲ್ಲೇ ಕೆಲವರಿಗೆ ಎದೆಗೆ ಸಿಕ್ಕಿಸಿಕೊಂಡು ಓಡಾಡುವ ಬ್ಯಾಡ್ಜು. ಈ ಸಮ್ಮೇಳನದ ಅಧ್ಯಕ್ಷನ ಸ್ಥಾನದಿಂದ ಮಾತಾಡುವಾಗ ನಾನು ಆ ಪದವನ್ನು ಒಂದು ಸರಳ ಅರ್ಥದಲ್ಲಿ ಮಾತ್ರ ಬಳಸುತ್ತೇನೆ. ನಿಂತಿರುವುದನ್ನು ಕೆಡವಲು ಹೊರಟವನು ಯಾಕೆ ಕೆಡವುತ್ತೇನೆ, ಅದರ ಜಾಗದಲ್ಲಿ ಏನು ಕಟ್ಟುತ್ತೇನೆ, ಕಟ್ಟುವವರೆಗೆ ಒಳಗಿದ್ದವರು ಎಲ್ಲಿರಬೇಕು ಎಂದು ಮೊದಲು ಹೇಳಬೇಕು. ಉತ್ತರ ಕೊಡುವ ಹೊಣೆ ಕೆಡವುವವನದು, ಕಾಯುವವನದಲ್ಲ. ಸಂಪ್ರದಾಯನಿಷ್ಠೆ ಎಂದರೆ ನನ್ನ ಮಟ್ಟಿಗೆ ಇಷ್ಟೇ. ಈ ಅಳತೆಗೋಲನ್ನು ಕರ್ನಾಟಕದ ಶಿಕ್ಷಣಕ್ಕೆ ಇಟ್ಟು ನೋಡಿದರೆ, ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಇಲ್ಲಿ ಸಂಪ್ರದಾಯನಿಷ್ಠ ಸರ್ಕಾರ ಎಂಬುದು ಬಂದೇ ಇಲ್ಲ. ಈ ಸಭೆಯಲ್ಲಿ ಕುಳಿತ ಹೆಚ್ಚಿನವರು ನಮ್ಮದು ಎಂದುಕೊಂಡ ಸರ್ಕಾರವನ್ನೂ ಸೇರಿಸಿಯೇ ಈ ಮಾತು ಹೇಳುತ್ತಿದ್ದೇನೆ. ಇದು ಹಲವರಿಗೆ ಹಿಡಿಸಲಿಕ್ಕಿಲ್ಲ, ಆದರೂ ಕೊನೆಯವರೆಗೆ ಕೇಳಬೇಕೆಂದು ವಿನಂತಿ.

2014ರ ಜೂನ್‌ನಲ್ಲಿ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಸೇರಿದ ಒಂದು ಮಗುವನ್ನು ಲೆಕ್ಕಕ್ಕೆ ಇಟ್ಟುಕೊಳ್ಳೋಣ. ನಲಿ-ಕಲಿ ಕಾರ್ಡುಗಳಿಂದ ಅಕ್ಷರ ಕಲಿಯತೊಡಗಿದಾಗ ಶಿಕ್ಷಣ ಸಚಿವರು ಕಿಮ್ಮನೆ ರತ್ನಾಕರ್, ಶಾಲೆಗಳಲ್ಲಿದ್ದದ್ದು ಮುಡಂಬಡಿತ್ತಾಯ ಸಮಿತಿಯ ಪುಸ್ತಕಗಳು. ನಾಲ್ಕನೇ ತರಗತಿಗೆ ಬರುವಾಗ ಸಚಿವರು ತನ್ವೀರ್ ಸೇಟ್, ಪುಸ್ತಕ ಬರಗೂರು ರಾಮಚಂದ್ರಪ್ಪ ಸಮಿತಿ ಪರಿಷ್ಕರಿಸಿದ್ದು. ಏಳನೇ ತರಗತಿಯ ಬಹುಭಾಗ ಕೋವಿಡ್‌ನಿಂದ ಶಾಲೆಯ ಹೊರಗೇ ಕಳೆಯಿತು. ಒಂಬತ್ತಕ್ಕೆ ಬರುವಾಗ ರೋಹಿತ್ ಚಕ್ರತೀರ್ಥ ಸಮಿತಿಯ ಪುಸ್ತಕ, ಸಚಿವರು ಬಿ.ಸಿ. ನಾಗೇಶ್. ಹತ್ತಕ್ಕೆ ಕಾಲಿಟ್ಟ ತಿಂಗಳಲ್ಲೇ ಸಚಿವರು ಮಧು ಬಂಗಾರಪ್ಪ. ಕೈಯಲ್ಲಿದ್ದ ಪುಸ್ತಕದ ಕೆಲವು ಪಾಠಗಳು ಇದ್ದಲ್ಲೇ ಇದ್ದು ಇಲ್ಲವಾದವು. ನಡುವೆ ಎನ್. ಮಹೇಶ್ ಬಂದು ಹೋದರು, ಸುರೇಶ್ ಕುಮಾರ್ ಬಂದು ಹೋದರು. ಒಂದೇ ಶಾಲೆ, ಅದೇ ಕೊಠಡಿ, ಬಹುಪಾಲು ಅದೇ ಶಿಕ್ಷಕರು. ಬದಲಾಗಿದ್ದು ಬೆಂಗಳೂರಿನಲ್ಲಿ ಸಹಿ ಹಾಕುವ ಕೈ ಮಾತ್ರ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇಷ್ಟು ಚೆನ್ನಾಗಿ ಹೊಂದುವ ಸಂದರ್ಭ ಇನ್ನೊಂದಿಲ್ಲ.

2023ರ ಆ ಜೂನ್ ತಿಂಗಳನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಶಾಲೆ ಶುರುವಾಗಿತ್ತು, ಪುಸ್ತಕ ಅಚ್ಚಾಗಿ ಹಂಚಿಕೆಯೂ ಆಗಿತ್ತು. ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿ ಹಿಂದಿನ ವರ್ಷ ಸೇರಿಸಿದ್ದ, ಆರ್‌ಎಸ್‌ಎಸ್ ಸ್ಥಾಪಕ ಹೆಡಗೇವಾರ್ ಅವರ ಪಾಠವಿತ್ತು. ಅದನ್ನು ಕೈಬಿಡಲು ಸಂಪುಟ ತೀರ್ಮಾನಿಸಿತು. ಹೊಸ ಪುಸ್ತಕ ಅಚ್ಚು ಹಾಕಿಸಲು ಹೊತ್ತಿಲ್ಲ, ಹಾಗಾಗಿ ಕೆಲವು ಹಾಳೆಗಳ ಪೂರಕ ಪುಸ್ತಿಕೆ ಬಂತು. ಇಂಥ ಪಾಠ ಬೋಧಿಸತಕ್ಕದ್ದಲ್ಲ, ಮೌಲ್ಯಮಾಪನಕ್ಕೂ ಪರಿಗಣಿಸತಕ್ಕದ್ದಲ್ಲ, ಅದರ ಬದಲು ಇಂಥದ್ದು. ಪುಸ್ತಕದಲ್ಲಿ ಪಾಠ ಇದೆ, ತರಗತಿಯಲ್ಲಿ ಇಲ್ಲ. ಹದಿನೈದು ವರ್ಷದ ಹುಡುಗಿ ಆ ಪುಟಗಳನ್ನು ಮಗುಚುವಾಗ ಏನು ಕಲಿಯುತ್ತಾಳೆ? ಹೆಡಗೇವಾರ್ ಒಳ್ಳೆಯವರೋ ಕೆಟ್ಟವರೋ ಎಂಬುದನ್ನಂತೂ ಅಲ್ಲ. ಅಚ್ಚಾದ ಮಾತಿಗೆ ಬೆಲೆ ಬರುವುದು ಚುನಾವಣೆಯಿಂದ ಎಂದು ಕಲಿಯುತ್ತಾಳೆ. ಈ ಪಾಠ ಯಾವ ಸಮಿತಿಯ ಪಠ್ಯಕ್ರಮದಲ್ಲೂ ಇಲ್ಲ, ಆದರೆ ಎಲ್ಲ ಸಮಿತಿಗಳೂ ಕೂಡಿ ಕಲಿಸಿದ್ದು ಇದನ್ನೇ. ಇದಕ್ಕೆ ಮೊದಲ ಹೊಣೆ 2023ರ ಸರ್ಕಾರದ್ದಲ್ಲ. 2022ರಲ್ಲಿ ಪರಿಷ್ಕರಣೆಯನ್ನು ಅವಸರದಲ್ಲಿ ಮುಗಿಸಿ, ಬಸವಣ್ಣನವರ ಪಾಠದ ಬಗ್ಗೆ ಮಠಾಧೀಶರಿಂದಲೇ ಆಕ್ಷೇಪ ಕೇಳಿಸಿಕೊಂಡು, ಅಂಬೇಡ್ಕರ್ ಅವರ ಹೆಸರಿನ ಜೊತೆಗಿದ್ದ ಸಂವಿಧಾನ ಶಿಲ್ಪಿ ಎಂಬ ಮಾತನ್ನು ಕಳೆದುಕೊಂಡು, ಆಮೇಲೆ ತಿದ್ದುಪಡಿಗೆ ಓಡಿದವರು ನಮ್ಮವರು. ಪರಂಪರೆಯ ಹೆಸರಿನಲ್ಲಿ ಮಾಡಿದ ಆ ಕೆಲಸದಲ್ಲಿ ಪರಂಪರೆಯ ಒಂದು ಗುಣವೂ, ಅಂದರೆ ತಾಳ್ಮೆಯೂ, ಇರಲಿಲ್ಲ.

ಪದವಿ ಕಾಲೇಜಿನ ಕತೆ ಇದಕ್ಕಿಂತ ದೊಡ್ಡದು, ಮತ್ತು ಇಲ್ಲಿ ಕುಳಿತವರೆಲ್ಲ ಅದರ ಪಾತ್ರಧಾರಿಗಳು. ರಾಷ್ಟ್ರೀಯ ಶಿಕ್ಷಣ ನೀತಿಗೆ (ಎನ್‌ಇಪಿ) ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2020ರ ಜುಲೈಯಲ್ಲಿ. ದೇಶದಲ್ಲೇ ಮೊದಲು ಜಾರಿ ಮಾಡಿದ ರಾಜ್ಯ ಎನ್ನಿಸಿಕೊಳ್ಳುವ ಆಸೆಗೆ ಬಿದ್ದು ಕರ್ನಾಟಕ 2021ರ ಆಗಸ್ಟ್‌ನಲ್ಲಿ ಆದೇಶ ಹೊರಡಿಸಿತು. ಅದೇ ವರ್ಷ ಪ್ರವೇಶ, ಅದೇ ವರ್ಷ ಪಾಠ. ಒಂದು ವರ್ಷಕ್ಕೆ ಸರ್ಟಿಫಿಕೇಟ್, ಎರಡಕ್ಕೆ ಡಿಪ್ಲೊಮಾ, ಮೂರಕ್ಕೆ ಪದವಿ, ನಾಲ್ಕಕ್ಕೆ ಆನರ್ಸ್. ಕಾಗದದ ಮೇಲೆ ಒಳ್ಳೆಯ ಯೋಚನೆ. ಕಾಮರ್ಸ್ ಓದುವವನು ಓಪನ್ ಎಲೆಕ್ಟಿವ್ ಆಗಿ ಸಾಹಿತ್ಯವನ್ನೋ ಮನಃಶಾಸ್ತ್ರವನ್ನೋ ಆಯ್ದುಕೊಳ್ಳಬಹುದು ಎಂದರೆ ಯಾರು ಬೇಡವೆನ್ನುತ್ತಾರೆ? ಆದರೆ ಆಯ್ಕೆ ಎಂಬುದು ಇರಬೇಕಾದರೆ ಪಾಠ ಹೇಳುವವರು ಇರಬೇಕು. ತಾಲೂಕು ಕೇಂದ್ರದ ಸರ್ಕಾರಿ ಕಾಲೇಜಿನಲ್ಲಿ ಎರಡೋ ಮೂರೋ ವಿಭಾಗ, ವಿಭಾಗಕ್ಕೆ ಒಬ್ಬರು ಕಾಯಂ ಅಧ್ಯಾಪಕರು, ಉಳಿದದ್ದು ಗೆಸ್ಟ್ ಲೆಕ್ಚರರ್‌ಗಳು ಎಂಬ ಸ್ಥಿತಿಯಲ್ಲಿ ಓಪನ್ ಎಲೆಕ್ಟಿವ್ ಎಂದರೆ ಟೈಮ್‌ಟೇಬಲ್‌ನಲ್ಲಿ ಖಾಲಿ ಇದ್ದವರು ಹೇಳಿದ್ದನ್ನು ಕೇಳುವುದು. ನಂತರ ಸರ್ಕಾರ ಬದಲಾಯಿತು. 2023ರಲ್ಲಿ ರಾಜ್ಯ ಶಿಕ್ಷಣ ನೀತಿಗಾಗಿ (ಎಸ್‌ಇಪಿ) ಸುಖದೇವ್ ಥೋರಟ್ ಅಧ್ಯಕ್ಷತೆಯ ಆಯೋಗ ರಚನೆಯಾಯಿತು, ಮರುವರ್ಷ ಮಧ್ಯಂತರ ವರದಿ ಬಂತು, 2024ರ ಮೇ ತಿಂಗಳಲ್ಲಿ ಮೂರು ವರ್ಷದ ಪದವಿಗೆ ಮರಳುವ ಆದೇಶವೂ ಬಂತು. ಆಯೋಗದ ಅಂತಿಮ ವರದಿ ಸಲ್ಲಿಕೆಯಾದದ್ದು 2025ರ ಆಗಸ್ಟ್‌ನಲ್ಲಿ. ಅಂದರೆ ತೀರ್ಪು ಮೊದಲು, ವಿಚಾರಣೆ ಆಮೇಲೆ. 2024-25ರಲ್ಲಿ ಒಂದೇ ಕಾಲೇಜಿನ ಮೊದಲ ವರ್ಷದವರು ಎಸ್‌ಇಪಿ, ಎರಡು ಮತ್ತು ಮೂರನೇ ವರ್ಷದವರು ಎನ್‌ಇಪಿ, 2021ಕ್ಕೆ ಮೊದಲು ಸೇರಿ ಬ್ಯಾಕ್‌ಲಾಗ್ ಉಳಿಸಿಕೊಂಡವರು ಅದಕ್ಕೂ ಹಳೆಯ ಸ್ಕೀಮು. ಒಂದೇ ವಿಷಯಕ್ಕೆ ಮೂರು ಬಗೆಯ ಪ್ರಶ್ನೆಪತ್ರಿಕೆ, ಮೂರು ಬಗೆಯ ಅಂಕಪಟ್ಟಿ. ಪರೀಕ್ಷಾ ವಿಭಾಗದ ಗುಮಾಸ್ತರಿಗೆ ಯಾವ ಸಿದ್ಧಾಂತವೂ ಇಲ್ಲ, ಅವರಿಗೆ ಇರುವುದು ಮೂರು ಕಟ್ಟು ಕಾಗದ.

ಪರೀಕ್ಷೆಗಳಲ್ಲೂ ಇದೇ ಹಾಡು. 2024ರ ಮಾರ್ಚ್‌ನಲ್ಲಿ 5, 8 ಮತ್ತು 9ನೇ ತರಗತಿಯ ಮಕ್ಕಳು ಬೋರ್ಡ್ ಪರೀಕ್ಷೆಗೆ ಕುಳಿತು ಎರಡು ದಿನ ಬರೆದರು. ಸುಪ್ರೀಂ ಕೋರ್ಟ್ ಆದೇಶದಿಂದ ಪರೀಕ್ಷೆ ನಿಂತಿತು. ಹೈಕೋರ್ಟ್ ವಿಭಾಗೀಯ ಪೀಠ ಅನುಮತಿ ಕೊಟ್ಟ ಮೇಲೆ ಉಳಿದವನ್ನು ಬರೆದರು. ಏಪ್ರಿಲ್‌ನಲ್ಲಿ ಫಲಿತಾಂಶಕ್ಕೆ ಮತ್ತೆ ಸುಪ್ರೀಂ ಕೋರ್ಟ್ ತಡೆ. ಹತ್ತು ವರ್ಷದ ಮಗು ನ್ಯಾಯಾಲಯಗಳ ಮೆಟ್ಟಿಲುಗಳನ್ನು ಎಣಿಸಬೇಕಾಗಿ ಬಂದದ್ದು, ನಿಯಮ ಮಾಡುವವರು ಅದನ್ನು ನೆಟ್ಟಗೆ ಮಾಡದೆ ಇದ್ದುದರಿಂದ. ಅದೇ ವರ್ಷದ ಎಸ್‌ಎಸ್‌ಎಲ್‌ಸಿಯಲ್ಲಿ ಕ್ಯಾಮೆರಾ ಕಣ್ಗಾವಲು ಬಂತು. ನಕಲು ಕಡಿಮೆಯಾಯಿತು, ಅದು ಒಳ್ಳೆಯದೇ. ಫಲಿತಾಂಶ ಪಾತಾಳಕ್ಕೆ ಇಳಿಯುತ್ತದೆ ಎಂದು ಕಂಡಾಗ, ಪರೀಕ್ಷೆ ಮುಗಿದ ಮೇಲೆ, ಶೇ 10ರಷ್ಟಿದ್ದ ಕೃಪಾಂಕವನ್ನು ಶೇ 20ಕ್ಕೆ ಏರಿಸಿದರು. ಹಾಗೆ ಮಾಡಿಯೂ ಬಂದದ್ದು ಶೇ 73.40. ಹಿಂದಿನ ವರ್ಷ ಶೇ 83.89 ಇತ್ತು. ಮರುವರ್ಷ ಆ ಕೃಪಾಂಕ ಹೋಯಿತು. ಆಟ ಮುಗಿದ ಮೇಲೆ ಗೆರೆ ಸರಿಸುವ ಅಂಪೈರನ್ನು ಗಲ್ಲಿ ಕ್ರಿಕೆಟ್ಟಿನಲ್ಲೂ ಹುಡುಗರು ಸುಮ್ಮನೆ ಬಿಡುವುದಿಲ್ಲ.

ಇದಕ್ಕೆ ಬರುವ ಮೊದಲ ಆಕ್ಷೇಪ ಪ್ರಜಾಪ್ರಭುತ್ವದ್ದು. ಜನ ಆರಿಸಿ ಕಳಿಸಿದ ಸರ್ಕಾರಕ್ಕೆ ತನ್ನ ನೀತಿ ಜಾರಿಗೆ ತರುವ ಹಕ್ಕಿಲ್ಲವೇ? ಇದೆ. ಆದರೆ ಜನಾದೇಶದ ಆಯುಸ್ಸು ಐದು ವರ್ಷ, ಮಗುವಿನ ಶಾಲೆಯ ಆಯುಸ್ಸು ಹತ್ತು, ಪಿಯುಸಿ ಸೇರಿ ಹನ್ನೆರಡು. ಹೆಚ್ಚು ಕಾಲ ಬದುಕುವ ವಸ್ತುವನ್ನು ಕಡಿಮೆ ಕಾಲ ಇರುವವನು ಮುಟ್ಟುವಾಗ ಕೈ ಹಗುರವಾಗಿರಬೇಕು. ನ್ಯಾಯಾಂಗವನ್ನೂ ಚುನಾವಣಾ ಆಯೋಗವನ್ನೂ ನಾವು ಇದೇ ಕಾರಣಕ್ಕೆ ಸಚಿವರ ಕೈಯಳತೆಯಿಂದ ಸ್ವಲ್ಪ ದೂರ ಇಟ್ಟಿದ್ದೇವೆ. ಕೊಠಾರಿ ಆಯೋಗದ ಕಾಲದಿಂದ ಬಂದ ಹತ್ತು ಕೂಡಿಸು ಎರಡು ಕೂಡಿಸು ಮೂರು ಎಂಬ ಚೌಕಟ್ಟನ್ನು ನೋಡಿ. ಅದರಲ್ಲಿ ದೋಷಗಳು ಬೇಕಾದಷ್ಟಿದ್ದವು. ಆದರೆ ಅದು ದಶಕಗಳ ಕಾಲ ನಿಂತಿತು, ನಿಂತದ್ದರಿಂದ ಹಳ್ಳಿಯ ತಂದೆಗೂ ತನ್ನ ಮಗಳು ಈಗ ಎಲ್ಲಿದ್ದಾಳೆ, ಮುಂದೆ ಎಲ್ಲಿಗೆ ಹೋಗಬಹುದು ಎಂಬುದು ಬಾಯಿಪಾಠವಾಯಿತು. ಬಡವನಿಗೆ ಈ ತಿಳಿವಳಿಕೆ ದೊಡ್ಡ ಆಸ್ತಿ. ನಿಯಮ ಬದಲಾದಾಗ ಉಳ್ಳವರು ಕನ್ಸಲ್ಟೆಂಟರಿಗೆ ಫೀಸು ಕೊಟ್ಟು ದಾರಿ ಕೇಳುತ್ತಾರೆ. ಇಲ್ಲದವರು ಸೈಬರ್ ಸೆಂಟರಿನ ಹುಡುಗನನ್ನು ಕೇಳುತ್ತಾರೆ.

ಎರಡನೆಯ ಆಕ್ಷೇಪ ಹೆಚ್ಚು ತೂಕದ್ದು, ಅದನ್ನು ನಮ್ಮ ಸಭೆಗಳಲ್ಲಿ ಹಗುರವಾಗಿ ತಳ್ಳಿಹಾಕುವುದು ನನಗೆ ಸರಿಕಾಣುವುದಿಲ್ಲ. ಇರುವುದನ್ನು ಕಾಯಬೇಕು ಎನ್ನುವವರೇ ಗೆದ್ದಿದ್ದರೆ ಈ ನಾಡಿನ ಅರ್ಧಕ್ಕಿಂತ ಹೆಚ್ಚು ಮಕ್ಕಳು ಶಾಲೆಯ ಹೊಸ್ತಿಲನ್ನೂ ತುಳಿಯುತ್ತಿರಲಿಲ್ಲ ಎನ್ನುತ್ತಾರೆ. ನಿಜ. ನಮ್ಮ ಪಂಥದ ಅತ್ಯಂತ ದೊಡ್ಡ ಬುದ್ಧಿವಂತನ ಉದಾಹರಣೆಯನ್ನೇ ಕೊಡುತ್ತೇನೆ. 1953ರಲ್ಲಿ ಮದ್ರಾಸಿನ ಮುಖ್ಯಮಂತ್ರಿಯಾಗಿದ್ದ ರಾಜಾಜಿ ಗ್ರಾಮೀಣ ಪ್ರಾಥಮಿಕ ಶಾಲೆಯ ವೇಳೆಯನ್ನು ದಿನಕ್ಕೆ ಮೂರು ಗಂಟೆಗೆ ಇಳಿಸಿದರು. ಉಳಿದ ಹೊತ್ತು ಮಕ್ಕಳು ಮನೆಯ ಕಸುಬು ಕಲಿಯಲಿ ಎಂಬುದು ಯೋಜನೆ. ಆಗ ದಕ್ಷಿಣ ಕನ್ನಡವೂ ಆ ರಾಜ್ಯದಲ್ಲೇ ಇತ್ತು. ಕುಂಬಾರನ ಮಗ ಕುಂಬಾರನಾಗಿ ಉಳಿಯಲಿ ಎಂಬ ಹಂಚಿಕೆ ಇದು ಎಂದು ವಿರೋಧ ಎದ್ದಿತು, ಅವರ ಪಕ್ಷದೊಳಗೂ ಎದ್ದಿತು. 1954ರಲ್ಲಿ ಅವರು ಅಧಿಕಾರ ಬಿಟ್ಟರು, ಕಾಮರಾಜ್ ಬಂದು ಯೋಜನೆಯನ್ನು ರದ್ದು ಮಾಡಿದರು. ಕಾಮರಾಜ್ ಮಾಡಿದ್ದು ಸರಿ. ರಾಜಾಜಿ ತಪ್ಪಿದ್ದು ಎರಡು ಕಡೆ. ಕಾಯಲು ಯೋಗ್ಯವಲ್ಲದ್ದನ್ನು ಕಾಯಲು ಹೋದದ್ದು ಒಂದು, ಯಾರನ್ನೂ ಒಪ್ಪಿಸದೆ ಮೇಲಿನಿಂದ ಹೇರಿದ್ದು ಇನ್ನೊಂದು. ಇದರ ಪಕ್ಕದಲ್ಲಿ ಮೈಸೂರನ್ನು ಇಟ್ಟು ನೋಡಿ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ, ಸರ್ಕಾರಿ ಶಾಲೆಗಳ ಬಾಗಿಲು ಪಂಚಮರೆಂದು ಹೊರಗಿಟ್ಟಿದ್ದ ಮಕ್ಕಳಿಗೂ ತೆರೆಯಿತು. 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದವರ ವಿದ್ಯೆ ಮತ್ತು ಉದ್ಯೋಗದ ಪ್ರಶ್ನೆಯನ್ನು ಕೈಗೆತ್ತಿಕೊಂಡಿತು. ಮಾಡಿದ್ದು ಒಂದು ಅರಸೊತ್ತಿಗೆ, ಹಳೆಯದರಲ್ಲೇ ಹಳೆಯ ಸಂಸ್ಥೆ. ಆ ಬಾಗಿಲನ್ನು ಮತ್ತೆ ಮುಚ್ಚುತ್ತೇನೆ ಎಂದು ಆಮೇಲೆ ಯಾವ ಸರ್ಕಾರವೂ ಹೇಳಲಿಲ್ಲ. ಸುಧಾರಣೆ ಎಂದರೆ ಹಾಗೆ ನಿಲ್ಲುವಂಥದ್ದು. ಒಂದೇ ವರ್ಷದಲ್ಲಿ ತೆಗೆದುಹಾಕಬಹುದಾದ ಪಾಠವನ್ನು ಸುಧಾರಣೆ ಎನ್ನಲು ನಾನು ತಯಾರಿಲ್ಲ, ಸೇರಿಸಿದವರು ಯಾರೇ ಇರಲಿ.

ಮೂರನೆಯ ಆಕ್ಷೇಪ ಹೊರಗಿನಿಂದಲ್ಲ, ಈ ಸಭೆಯ ಹಿಂದಿನ ಸಾಲುಗಳಿಂದ ಬರುತ್ತದೆ. ದಶಕಗಳ ಕಾಲ ಎಡಪಂಥೀಯರು ಪುಸ್ತಕಗಳನ್ನು ತಮಗೆ ಬೇಕಾದಂತೆ ಬರೆದುಕೊಂಡರು. ನಮ್ಮ ಸರದಿ ಬಂದಾಗ ಮಾತ್ರ ನಿಧಾನ, ತಾಳ್ಮೆ ಎಂಬ ಉಪದೇಶವೇ ಎಂದು ಕೇಳುತ್ತೀರಿ. ಸಿಟ್ಟು ಅರ್ಥವಾಗುತ್ತದೆ, ಲೆಕ್ಕ ಒಪ್ಪುವುದಿಲ್ಲ. 2000ದಲ್ಲಿ ವಾಜಪೇಯಿ ಸರ್ಕಾರದ ಕಾಲದಲ್ಲಿ ಎನ್‌ಸಿಇಆರ್‌ಟಿ ಒಂದು ಪಠ್ಯಕ್ರಮದ ಚೌಕಟ್ಟು ಮಾಡಿತು, 2005ರಲ್ಲಿ ಮನಮೋಹನ್ ಸಿಂಗ್ ಸರ್ಕಾರದ ಕಾಲದಲ್ಲಿ ಇನ್ನೊಂದು. ಮೊದಲನೆಯದರ ಇತಿಹಾಸ ಪುಸ್ತಕಗಳು ಎಷ್ಟು ದಿನ ಬಾಳಿದವು? ಈಚೆಗೆ ಹೊರೆ ಇಳಿಸುವ ಹೆಸರಿನಲ್ಲಿ ಹತ್ತನೇ ತರಗತಿಯಿಂದ ಜೀವವಿಕಾಸದ ಪಾಠ ಹೋಯಿತು, ಹನ್ನೆರಡರಿಂದ ಮೊಘಲ್ ದರ್ಬಾರಿನ ಅಧ್ಯಾಯ ಹೋಯಿತು. ರಾಜ್ಯಶಾಸ್ತ್ರ ಪುಸ್ತಕಗಳ ಮುಖ್ಯ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್ ತಮ್ಮ ಹೆಸರನ್ನೇ ತೆಗೆಯಿರಿ ಎಂದು 2023ರಲ್ಲಿ ಪತ್ರ ಬರೆದರು. ಅವರ ರಾಜಕೀಯ ನನಗೆ ಒಪ್ಪಿಗೆಯಿಲ್ಲ. ಆದರೆ ತಾನು ಬರೆಯದ್ದಕ್ಕೆ ತನ್ನ ಹೆಸರು ಬೇಡ ಎನ್ನುವುದು ಹಳೆಯ ಕಾಲದ ಮರ್ಯಾದೆ, ಅದನ್ನು ಮೆಚ್ಚಬೇಕಾದವರು ನಾವು. ಡಾರ್ವಿನ್ನನನ್ನು ಹದಿನೈದರ ವಯಸ್ಸಿನ ಮಕ್ಕಳಿಂದ ಬಚ್ಚಿಟ್ಟು ಯಾವ ಪರಂಪರೆಯೂ ಬಲವಾಗುವುದಿಲ್ಲ. ತರ್ಕಕ್ಕೆ ಹೆದರಿದ್ದರೆ ಶಂಕರ, ರಾಮಾನುಜ, ಮಧ್ವರು ತಮಗಿಂತ ಹಿಂದಿನವರ ಮತಗಳನ್ನು ಖಂಡಿಸಿ ಅಷ್ಟು ಬರೆಯುವ ಅಗತ್ಯವೇ ಬೀಳುತ್ತಿರಲಿಲ್ಲ.

ಸಿದ್ಧಾಂತದ ಈ ಗದ್ದಲದಲ್ಲಿ ದುಡ್ಡಿನ ಮಾತು ಹಿಂದೆ ಬೀಳುತ್ತದೆ. ರಾಜ್ಯದ ಸುಮಾರು 430 ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದು ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಂದ. ಅತಿಥಿ ಎಂದರೆ ಒಂದು ದಿನ ಉಂಡು ಹೋಗುವವನು, ಇವರೋ ಹತ್ತು ಹದಿನೈದು ವರ್ಷಗಳಿಂದ ಬಾಗಿಲಲ್ಲೇ ನಿಂತಿದ್ದಾರೆ. ಅವರನ್ನು ಹಾಗೆಯೇ ನಿಲ್ಲಿಸಿ, ಬೊಮ್ಮಾಯಿ ಸರ್ಕಾರ ತಲಾ 2 ಕೋಟಿ ರೂಪಾಯಿಯ ಲೆಕ್ಕದಲ್ಲಿ ಜಿಲ್ಲೆಗೊಂದರಂತೆ ಹೊಸ ವಿಶ್ವವಿದ್ಯಾಲಯಗಳನ್ನು ಘೋಷಿಸಿತು. 2025ರಲ್ಲಿ ಸಂಪುಟ ಉಪಸಮಿತಿ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತಾಡಿತು. ತೆರೆದವರೂ ಅಲ್ಲಿ ಪಾಠ ಹೇಳುವವರು ಯಾರು ಎಂದು ಕೇಳಲಿಲ್ಲ, ಮುಚ್ಚಹೊರಟವರೂ ಅಲ್ಲಿ ಓದುತ್ತಿರುವವರು ಯಾರು ಎಂದು ಕೇಳಲಿಲ್ಲ.

ನಾಳೆ ಮುಕ್ತಾಯದ ಅಧಿವೇಶನಕ್ಕೆ ಬರುವ ನಿರ್ಣಯದ ಕರಡು ನಿಮ್ಮ ಚೀಲದಲ್ಲಿದೆ. ಅದರಲ್ಲಿ ಮೂರು ಬೇಡಿಕೆಗಳಿವೆ. ವಿದ್ಯಾರ್ಥಿ ಯಾವ ನಿಯಮದಡಿ ಪ್ರವೇಶ ಪಡೆದನೋ ಅದೇ ನಿಯಮದಡಿ ಅವನ ಕೋರ್ಸು ಮುಗಿಯಬೇಕು. ಅಂಕಗಳ ಕನಿಷ್ಠ ಮಟ್ಟವನ್ನು ಶೈಕ್ಷಣಿಕ ವರ್ಷ ಶುರುವಾದ ಮೇಲೆ ಮುಟ್ಟಬಾರದು. ಪಠ್ಯಪುಸ್ತಕವನ್ನು, ಸ್ಪಷ್ಟ ತಪ್ಪುಗಳ ತಿದ್ದುಪಡಿ ಬಿಟ್ಟು, ಹತ್ತು ವರ್ಷಕ್ಕೊಮ್ಮೆ ಮಾತ್ರ ಪರಿಷ್ಕರಿಸಬೇಕು, ಆ ಸಮಿತಿಯ ನೇಮಕಕ್ಕೆ ವಿರೋಧ ಪಕ್ಷದ ನಾಯಕರ ಒಪ್ಪಿಗೆಯೂ ಬೇಕು. ಮೂರನೆಯದನ್ನು ಒಪ್ಪಿದರೆ ಈಗ ಇರುವ ಪುಸ್ತಕವನ್ನು, ನಮಗೆ ಹಿಡಿಸದ ಪಾಠಗಳ ಸಮೇತ, ಹತ್ತು ವರ್ಷ ಸಹಿಸಬೇಕಾಗುತ್ತದೆ ಎಂದು ವಿಷಯ ಸಮಿತಿಯಲ್ಲಿ ಕೆಲವರು ಆಕ್ಷೇಪಿಸಿದ್ದಾರೆ. ಹೌದು, ಸಹಿಸಬೇಕಾಗುತ್ತದೆ. ಕರಡಿನ ಪೀಠಿಕೆಯಲ್ಲಿ 2023 ಮತ್ತು 2024ರ ಆದೇಶಗಳ ಖಂಡನೆ ಇದೆ, 2021 ಮತ್ತು 2022ರ ಉಲ್ಲೇಖವಿಲ್ಲ. ಆ ಎರಡು ಇಸವಿಗಳನ್ನೂ ಸೇರಿಸಿ, ಅವನ್ನು ಮೊದಲಿಗೆ ಇಡಬೇಕೆಂಬ ತಿದ್ದುಪಡಿಯನ್ನು ಅಧ್ಯಕ್ಷನಾಗಿ ನಾನೇ ಮಂಡಿಸುತ್ತಿದ್ದೇನೆ. ಮತಕ್ಕೆ ಹಾಕುವಾಗ ಕೈ ಎತ್ತಿಸಿ ಎಣಿಸಬೇಕೆಂದು ಸಂಚಾಲಕರಲ್ಲಿ ಕೋರುತ್ತೇನೆ.