ಹುಲಿಮರಿಯ ಊಟ

ಪುಣೆಯ ಕಾತ್ರಜದಲ್ಲಿರುವ ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯಕ್ಕೆ ಹೋದವರೆಲ್ಲ ಹುಲಿಯನ್ನು ಕಣ್ತುಂಬ ನೋಡಿ ಬರುತ್ತಾರೆ. ಅದರ ಊಟ ಗೊತ್ತುಮಾಡುವುದೂ ಒಂದು ಶಾಸ್ತ್ರ, ಜೀವಮಾನವಿಡೀ ಮುಡಿಪಿಡಬಹುದಾದ ವೃತ್ತಿ ಎಂಬುದನ್ನು ತಿಳಿದವರು ಕಡಿಮೆ.

ಹುಲಿಗೆ ಮಾಂಸ ಹಾಕಿದರೆ ಆಯಿತಲ್ಲ ಅನ್ನಿಸಬಹುದು. ಆದರೆ ಬೆಳೆಯುವ ಮರಿಗೆ ಎಲುಬಿಲ್ಲದ ಮಾಂಸವನ್ನಷ್ಟೇ ಕೊಡುತ್ತ ಹೋದರೆ? ಅದರಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ತೀರಾ ಕಡಿಮೆ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಮ್ಮನ್ನು ದೇಹ ತನ್ನದೇ ಮೂಳೆಯಿಂದ ಕರಗಿಸಿಕೊಳ್ಳುತ್ತದೆ. ಹೊಟ್ಟೆತುಂಬ ತಿಂದ ಮರಿಯ ಕಾಲೇ ಸೊಟ್ಟಗಾಗುತ್ತದೆ; ಸಣ್ಣ ನೆಗೆತಕ್ಕೂ ಮೂಳೆ ಮುರಿಯಬಹುದು. ಕಾಡಿನಲ್ಲಿ ತಾಯಿಹುಲಿ ಬೇಟೆಯನ್ನು ಚರ್ಮ, ಕರುಳು, ಎಲುಬಿನ ಸಮೇತ ಮುಂದಿಡುತ್ತದೆ. ಇಲ್ಲಿ ಆ ಹೊಣೆ ಆಹಾರತಜ್ಞರದು. ಎಷ್ಟು ದೊಡ್ಡ ಹೊಣೆ!

ಕೋತಿಗೆ ಬಾಳೆಹಣ್ಣು ಕೊಡುವುದೇ ಪ್ರೀತಿ ಎಂದು ನಾವು ನಂಬಿದ್ದೇವೆ. ಆದರೆ ತೋಟದ ಹಣ್ಣಿನಲ್ಲಿ ಕಾಡುಹಣ್ಣಿಗಿಂತ ಸಕ್ಕರೆ ಹೆಚ್ಚು, ನಾರು ಕಡಿಮೆ. ಇಂಗ್ಲೆಂಡಿನ ಪೇಂಟನ್ ಮೃಗಾಲಯ ಮಂಗಗಳಿಗೆ ಬಾಳೆಹಣ್ಣು ನಿಲ್ಲಿಸಿ ಸೊಪ್ಪು, ತರಕಾರಿ ಹೆಚ್ಚಿಸಿದ್ದು 2014ರಲ್ಲಿ ದೊಡ್ಡ ಸುದ್ದಿಯಾಗಿತ್ತು.

ಈ ವೃತ್ತಿ ಹಿಡಿಯಬಯಸುವ ಮಕ್ಕಳು ನಮ್ಮ ಹೆಬ್ಬಾಳದಲ್ಲೋ ಬೀದರಿನಲ್ಲೋ ಪಶುವೈದ್ಯಕೀಯ ಓದಿ, ಆಮೇಲೆ ಪ್ರಾಣಿಪೋಷಣೆಯಲ್ಲಿ ಸ್ನಾತಕೋತ್ತರ ಪದವಿ ಪಡೆಯಬಹುದು. ಕಲಿಕೆ ಶುರುವಾಗುವುದು ಹಸು, ಕೋಳಿಗಳಿಂದಲೇ. ಹುಲಿಯ ಅಗತ್ಯವನ್ನು ಮನೆಬೆಕ್ಕಿನಿಂದಲೂ ಆನೆಯ ಅಗತ್ಯವನ್ನು ಕುದುರೆಯಿಂದಲೂ ಅಂದಾಜು ಮಾಡುತ್ತ, ಪ್ರತಿ ಪ್ರಾಣಿಯ ತೂಕ, ಸಗಣಿ, ಲದ್ದಿಗಳನ್ನು ನೋಡಿ ತಿದ್ದಿಕೊಳ್ಳುತ್ತ ಈ ವಿಜ್ಞಾನ ಇವತ್ತಿಗೂ ಬೆಳೆಯುತ್ತಿದೆ.