ಎತ್ತಿಗಿರುವ ಸೋಮವಾರ

ನಮ್ಮ ಸೀಮೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಯ ಹದ ಮೀರುತ್ತಿದ್ದರೂ ರೈತ ಅಂದು ಎತ್ತು ಹೂಡುವುದಿಲ್ಲ. ಅವನನ್ನು ಯಾರೂ ಸೋಮಾರಿ ಎನ್ನುವುದಿಲ್ಲ. ಎತ್ತಿಗೆ ಕೊಟ್ಟ ವಾರವನ್ನು ಹಚ್ಚೆ, ಮೆಹಂದಿ, ಮದುವೆ ಮೇಕಪ್, ಭಾವಚಿತ್ರಗಳನ್ನು ನಂಬಿ ಬದುಕುವ ನಮ್ಮ ಕೈಗಳಿಗೆ ಏಕೆ ಕೊಟ್ಟಿಲ್ಲ? ಈ ವಿಚಾರ ಸಂಕಿರಣದ ಆಶಯವೆಲ್ಲ ಈ ಪ್ರಶ್ನೆಯಲ್ಲಿದೆ.

ಇದನ್ನು ಕೇಳಲು ಸಾಣಾಪುರ ತಕ್ಕ ಊರು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಹಂಪಿ ಎದುರಿನ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳು ತೆರವಾದವು. ಪ್ರವಾಸಿಗರ ದಾರಿ ಈ ಕೆರೆ, ಈ ಬಂಡೆಗಳ ಕಡೆ ತಿರುಗಿತು. ಚಳಿಗಾಲವೇ ಸೀಸನ್. ಬೇಸಿಗೆಯಲ್ಲಿ ಬಂಡೆ ಕಾದರೆ ಗಿರಾಕಿ ಇಲ್ಲ. ನಾಲ್ಕೈದು ತಿಂಗಳಲ್ಲಿ ವರ್ಷದ ಅನ್ನ ದುಡಿಯಬೇಕೆಂಬ ಭಯ ನಮ್ಮ ಬಾಯಿಂದ 'ಇಲ್ಲ' ಎಂಬ ಮಾತು ಹೊರಡಲು ಬಿಡುವುದಿಲ್ಲ.

ನಾನು ಹಚ್ಚೆ ಹಾಕುವವಳು. ಒಂದು ಸೀಸನ್ನಿನಲ್ಲಿ ದಿನಕ್ಕೆ ಆರು ಅಪಾಯಿಂಟ್‌ಮೆಂಟ್ ಒಪ್ಪಿಕೊಂಡೆ. ಮಲಗುವ ಹೊತ್ತಿಗೂ ವಾಟ್ಸಾಪ್‌ನಲ್ಲಿ ಡಿಸೈನ್ ತಿದ್ದುತ್ತಿದ್ದೆ. ಕೈ ಸೋಲುವ ಮೊದಲು ಮನಸ್ಸು ಸೋತಿತು. ತೀರಿಹೋದ ತಾಯಿಯ ಹೆಸರನ್ನು ಮುಂಗೈ ಮೇಲೆ ಬರೆಸಿಕೊಳ್ಳಲು ಬಂದ ಹುಡುಗಿ ಅಳುತ್ತಿದ್ದಳು. ನಾನು ಗಡಿಯಾರ ನೋಡುತ್ತಿದ್ದೆ.

ಈ ಸೋಲಿಗೊಂದು ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ರೋಗವೆಂದಲ್ಲ, ದುಡಿಮೆಯಿಂದ ಹುಟ್ಟುವ ಸ್ಥಿತಿಯೆಂದು ವಿವರಿಸಿತು. ಲಕ್ಷಣ ಮೂರು: ಶಕ್ತಿ ಬತ್ತುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು, ಮಾಡಿದ್ದು ಕೈಗೂಡುತ್ತಿಲ್ಲವೆನ್ನಿಸುವುದು. ಅಂದು ಗಡಿಯಾರ ನೋಡಿದ ನನ್ನ ಕಣ್ಣಲ್ಲಿ ಎರಡನೆಯದಿತ್ತು.

ಕಾಯಕದ ಹೆಸರಲ್ಲಿ ಬೆನ್ನು ಮುರಿದುಕೊಳ್ಳುವ ನಾವು ಆಯ್ದಕ್ಕಿ ಲಕ್ಕಮ್ಮನ ಅಳತೆಯನ್ನು ಮರೆತಿದ್ದೇವೆ. ಲಿಂಗಸುಗೂರು ಸೀಮೆಯ ಅಮರೇಶ್ವರದ ಆ ಶರಣೆ, ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಕಳಿಸಿದಳು. ನಮ್ಮ ಜಿಲ್ಲೆಯ ಕಿನ್ನಾಳದ ಚಿತ್ರಗಾರರೂ ಅಂಥದೇ ಪಾಠ ಹೇಳುತ್ತಾರೆ: ಗೊಂಬೆಗೆ ಬಳಿದ ಒಂದು ಪದರ ಆರದೆ ಮುಂದಿನದಕ್ಕೆ ಕೈ ಹಾಕುವಂತಿಲ್ಲ. ಆರಲು ಬಿಡುವ ಹೊತ್ತೂ ಕೆಲಸದ ಹೊತ್ತೇ.

ಆದರೆ ಹಸಿದವರಿಗೆ 'ಸಾಕು ಎನ್ನಿ' ಎಂದು ಉಪದೇಶಿಸಲಾರೆ. ಬಿಡುವು ದರದೊಳಗೇ ಇರಬೇಕು. ತಿಂಗಳಿಗೆ ಮೂವತ್ತು ದಿನ ದುಡಿಯುವ ಲೆಕ್ಕದಲ್ಲಿ ದರ ಕಟ್ಟಿದರೆ ಒಂದು ದಿನ ಮಲಗಿದರೂ ನಷ್ಟ. ಇಪ್ಪತ್ತೆರಡು ದಿನದ ಲೆಕ್ಕದಲ್ಲಿ ಕಟ್ಟಿದರೆ ಉಳಿದ ದಿನ ನಮ್ಮವು. ಮುಂಗಡವಿಲ್ಲದೆ ಹೊತ್ತು ಕಾದಿರಿಸಬಾರದು. ಒಬ್ಬರು ಎದ್ದು ಇನ್ನೊಬ್ಬರು ಕೂರುವ ನಡುವೆ ಬೆರಳು ಬಿಚ್ಚುವಷ್ಟು ಬಿಡುವು ಬೇಕು. ಸಂದೇಶಗಳಿಗೆ ಸಂಜೆಗೊಂದು ಗಡಿ ಇರಲಿ. ಸೀಸನ್ನಿನ ಹಣದಲ್ಲಿ ಬೇಸಿಗೆಯ ಪಾಲನ್ನು ಅಂದಂದೇ ತೆಗೆದಿಡಬೇಕು.

ಒಬ್ಬೊಬ್ಬರೇ ಇದನ್ನು ಮಾಡಿದರೆ ಗಿರಾಕಿ ಪಕ್ಕದವರ ಬಳಿ ಹೋಗುತ್ತಾನೆ. ಆದ್ದರಿಂದ ಒಟ್ಟಾಗಿ ಕನಿಷ್ಠ ದರ, ವಾರದ ರಜೆ ಗೊತ್ತುಮಾಡುವುದು ಮೊದಲ ಗೋಷ್ಠಿಯ ಕೆಲಸ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಗೊಂಬೆ ತಯಾರಿಕೆ ಇದೆ. ಹಚ್ಚೆ, ಮೆಹಂದಿ ಇಲ್ಲ. ನಮ್ಮನ್ನೂ ಕಸುಬುದಾರರೆಂದು ಎಣಿಸಿ ಎಂದು ಕೇಳುವುದು ಎರಡನೆಯ ಗೋಷ್ಠಿಯ ಕೆಲಸ.

ಆ ಹುಡುಗಿಯ ತಾಯಿಯ ಹೆಸರೇನೆಂದು ಇಂದು ನನಗೆ ನೆನಪಿಲ್ಲ. ಅವಳ ಮೈಮೇಲೆ ಜೀವಮಾನವಿಡೀ ಉಳಿಯುವ ಆ ಅಕ್ಷರಗಳನ್ನು ಬರೆದವಳು ನಾನೇ. ಈಗ ನನ್ನ ಬುಕಿಂಗ್ ಪುಸ್ತಕದಲ್ಲಿ ಸೋಮವಾರದ ಹಾಳೆ ಖಾಲಿ ಇರುತ್ತದೆ. ಬರೆಸಿಕೊಳ್ಳಲು ಬಂದವರ ಮಾತು ಕೇಳುವಷ್ಟು ಮನಸ್ಸು ಮಂಗಳವಾರ ಉಳಿದಿರಲಿ ಎಂದು. ಆ ಖಾಲಿ ಹಾಳೆ ನಿಮ್ಮೆಲ್ಲರ ಪುಸ್ತಕದಲ್ಲೂ ಇರಲಿ.